ಮರೆಯಾದ 'ದ್ಯಾಟ್', ಯಾರನ್ನೋ ತೋರಿಸುವ 'ಹೀ'

(ಮಡಿಕೇರಿಯಲ್ಲಿ ಪದವಿಪೂರ್ವ ವಿದ್ಯಾರ್ಥಿಗಳು ಮತ್ತು ಇಂಗ್ಲಿಷ್ ಕಲಿಸುವ ಶಿಕ್ಷಕರ ಮುಂದೆ, ಇಂಗ್ಲಿಷ್ ವಾಕ್ಯಗಳಲ್ಲಿ ಬಿಟ್ಟುಹೋಗುವ 'ದ್ಯಾಟ್', 'ಹೂ' ಥರದ ಪದಗಳು ಮತ್ತು ಯಾರನ್ನು ತೋರಿಸುತ್ತವೆ ಎಂದು ತಿಳಿಯದ ಸರ್ವನಾಮಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಬಾಯಿಬಿಟ್ಟು ಓದಿಕೊಂಡರೆ ಅನುಕೂಲ.)

ಹಲಗೆಯ ಮೇಲಿನ ವಾಕ್ಯವನ್ನು ಒಮ್ಮೆ ಓದಿ: 'ದ ಕಾಫಿ ಫ್ಯಾಮಿಲೀಸ್ ಇನ್ ಕೊಡಗು ಡ್ರಿಂಕ್ ಅಟ್ ಹೋಮ್ ಇಸ್ ಸ್ಟ್ರಾಂಗ್.' ಇದರಲ್ಲಿ ನಿಮಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಆದರೂ 'ಇಸ್' ಬಳಿಗೆ ಬಂದಾಗ ಹೆಚ್ಚಿನವರು ಎಡವುತ್ತೀರಿ. 'ಕಾಫಿ ಫ್ಯಾಮಿಲೀಸ್' ಎಂದರೆ ಕಾಫಿ ಬೆಳೆಯುವ ಮನೆತನಗಳು ಎಂದು ಮೊದಲು ಅನ್ನಿಸುತ್ತದೆ. ಅವರು ಮನೆಯಲ್ಲಿ ಕುಡಿಯುತ್ತಾರೆ ಎನ್ನುವಲ್ಲಿಗೆ ವಾಕ್ಯ ಮುಗಿದಂತೆಯೂ ಕಾಣುತ್ತದೆ. ಆಮೇಲೆ 'ಇಸ್ ಸ್ಟ್ರಾಂಗ್' ಎಂಬುದು ಯಾರಿಗೂ ಸೇರದೆ ಉಳಿದುಬಿಡುತ್ತದೆ.

ನಿಘಂಟು ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಕ್ರಿಯಾಪದಗಳನ್ನು ಎಣಿಸಬೇಕು. ಇಲ್ಲಿರುವುದು ಎರಡು: 'ಡ್ರಿಂಕ್', 'ಇಸ್'. ಇಂಗ್ಲಿಷಿನಲ್ಲಿ ಕಾಲವನ್ನು ಸೂಚಿಸುವ ಪ್ರತಿಯೊಂದು ಕ್ರಿಯಾಪದವೂ ತನ್ನದೊಂದು ಕರ್ತೃವನ್ನು ಕೇಳುತ್ತದೆ. 'ಇಸ್' ಏಕವಚನ, ಆದ್ದರಿಂದ 'ಫ್ಯಾಮಿಲೀಸ್' ಅದರ ಕರ್ತೃವಾಗಲಾರದು, 'ಕಾಫಿ' ಆಗಬಹುದು. 'ಡ್ರಿಂಕ್' ಬಹುವಚನದ ರೂಪ, ಅದಕ್ಕೆ ಕರ್ತೃ 'ಫ್ಯಾಮಿಲೀಸ್'. ಏನನ್ನು ಕುಡಿಯುತ್ತಾರೆ? 'ಡ್ರಿಂಕ್' ಆದಮೇಲೆ ಕರ್ಮಪದ ಇಲ್ಲ, ಆ ಜಾಗ ಖಾಲಿ. ಅಲ್ಲಿ ಇರಬೇಕಾದದ್ದು ವಾಕ್ಯದ ಮೊದಲಲ್ಲೇ ಬಂದ ಕಾಫಿ. ಅಂದಮೇಲೆ 'ಕಾಫಿ' ಮತ್ತು 'ಫ್ಯಾಮಿಲೀಸ್' ನಡುವೆ ಒಂದು 'ದ್ಯಾಟ್' ಇತ್ತು, ಬರೆದವರು ಅದನ್ನು ಬಿಟ್ಟಿದ್ದಾರೆ. ಕೊಡಗಿನ ಮನೆಗಳಲ್ಲಿ ಕುಡಿಯುವ ಕಾಫಿ ಸ್ಟ್ರಾಂಗ್ ಇರುತ್ತದೆ. ಇಷ್ಟೇ ವಿಷಯ.

ನಾವು ಎಡವುವುದಕ್ಕೆ ಕಾರಣ ನಮ್ಮ ಭಾಷೆಗಳ ಕಟ್ಟಡದಲ್ಲೇ ಇದೆ. ಕನ್ನಡದಲ್ಲಿ 'ನಾನು ನಿನ್ನೆ ತಂದ ಪುಸ್ತಕ' ಎನ್ನುತ್ತೇವೆ. ಪುಸ್ತಕದ ಬಗ್ಗೆ ಹೇಳಬೇಕಾದದ್ದೆಲ್ಲ ಪುಸ್ತಕಕ್ಕಿಂತ ಮುಂಚೆ ಬಂದುಬಿಡುತ್ತದೆ. ಜೊತೆಗೆ 'ತಂದ' ಎಂಬ ರೂಪವೇ ಮುಂದೊಂದು ನಾಮಪದ ಬರುತ್ತದೆ ಎಂದು ಸೂಚನೆ ಕೊಡುತ್ತದೆ. ಅಲ್ಲಿ 'ತಂದೆ' ಎಂದಿದ್ದರೆ ವಾಕ್ಯ ಮುಗಿಯಿತು ಎಂದರ್ಥ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಈ ಜಿಲ್ಲೆಯಲ್ಲಿ ಕಿವಿಗೆ ಬೀಳುವ ಈ ನಾಲ್ಕರಲ್ಲೂ ಇದೇ ಕ್ರಮ. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು, ವಿವರಣೆ ಆಮೇಲೆ: 'ದ ಬುಕ್ ಐ ಬ್ರಾಟ್ ಯೆಸ್ಟರ್‌ಡೇ'. ಕ್ರಿಯಾಪದದ ರೂಪ ಒಂದಿಷ್ಟೂ ಬದಲಾಗಿಲ್ಲ. 'ಐ ಬ್ರಾಟ್ ದ ಬುಕ್' ಎಂಬಲ್ಲಿನ 'ಬ್ರಾಟ್' ಮತ್ತು ಇದು ಒಂದೇ. ನಮಗೆ ಕ್ರಿಯಾಪದದ ತುದಿಯಲ್ಲಿ ಸಿಗುವ ಗುರುತನ್ನು ಇಂಗ್ಲಿಷ್ 'ದ್ಯಾಟ್', 'ಹೂ', 'ವಿಚ್' ಎಂಬ ಪ್ರತ್ಯೇಕ ಪದಗಳಲ್ಲಿ ಇಡುತ್ತದೆ, ಎಷ್ಟೋ ಸಲ ಅದನ್ನೂ ತೆಗೆದುಹಾಕುತ್ತದೆ. ಆಗ ಓದುವವನಿಗೆ ಉಳಿಯುವ ಸುಳಿವು ಪದಗಳು ನಿಂತ ಜಾಗ ಮಾತ್ರ.

ಆ ಜಾಗವನ್ನು ಗುರುತಿಸುವುದು ಕಷ್ಟವಲ್ಲ. ಒಂದು ನಾಮಪದ ಬಂದ ಕೂಡಲೇ, ನಡುವೆ ಅಲ್ಪವಿರಾಮವಾಗಲಿ 'ಆ್ಯಂಡ್' ಆಗಲಿ ಇಲ್ಲದೆ, ಇನ್ನೊಂದು ನಾಮಪದವೋ ಸರ್ವನಾಮವೋ ಬಂದು, ಅದರ ಬೆನ್ನಿಗೆ ಕ್ರಿಯಾಪದ ಬಂದರೆ, ಎರಡರ ನಡುವೆ 'ದ್ಯಾಟ್' ಹಾಕಿ ನೋಡಿ. 'ದ ಬ್ಯಾಗ್ಸ್ ದ ಟ್ರೇಡರ್ ಸೆಂಟ್ ವರ್ ವೆಟ್.' ಬ್ಯಾಗ್ಸ್, ದ ಟ್ರೇಡರ್, ಸೆಂಟ್. ನಾಮಪದ, ನಾಮಪದ, ಕ್ರಿಯಾಪದ. ವ್ಯಾಪಾರಿ ಕಳಿಸಿದ ಚೀಲಗಳು ಒದ್ದೆಯಾಗಿದ್ದವು. ಎರಡನೆಯದು 'ಐ', 'ಹೀ', 'ದೇ' ಥರದ ಸರ್ವನಾಮವಾಗಿದ್ದರೆ ಇನ್ನೂ ಸುಲಭ, ಏಕೆಂದರೆ 'ದ ಬುಕ್ ಐ' ಎಂಬ ಜೋಡಣೆ ಬೇರೆ ರೀತಿಯಲ್ಲಿ ಹುಟ್ಟುವುದೇ ಅಪರೂಪ. ಎರಡನೆಯದು 'ದ' ಇಲ್ಲದ ಬಹುವಚನವಾದರೆ ಮಾತ್ರ 'ಕಾಫಿ ಫ್ಯಾಮಿಲೀಸ್' ಥರದ ಮೋಸ ಆಗುತ್ತದೆ. ಅಂಥಲ್ಲಿ ಜೋರಾಗಿ ಓದಿ, 'ಕಾಫಿ' ಆದಮೇಲೆ ಕೊಂಚ ನಿಲ್ಲಿಸಿ. ಕಣ್ಣಿಗೆ ಕಾಣದ 'ದ್ಯಾಟ್' ಕೆಲವೊಮ್ಮೆ ಕಿವಿಗೆ ಸಿಗುತ್ತದೆ.

ಇನ್ನು, ಯಾವಾಗ ಬಿಡಬಹುದು, ಯಾವಾಗ ಬಿಡಬಾರದು? ಉಪವಾಕ್ಯದೊಳಗೆ ಆ ಪದ ಕರ್ಮವಾಗಿದ್ದರೆ ಬಿಡಬಹುದು, ಕರ್ತೃವಾಗಿದ್ದರೆ ಬಿಡುವಂತಿಲ್ಲ. 'ದ ಮ್ಯಾನ್ ದ್ಯಾಟ್ ಐ ಸಾ' ಎಂಬಲ್ಲಿ ನೋಡಿದವನು ನಾನು, 'ದ್ಯಾಟ್' ಕರ್ಮ. ಬಿಟ್ಟರೂ ಸರಿ. 'ದ ಮ್ಯಾನ್ ಹೂ ಕೇಮ್ ಯೆಸ್ಟರ್‌ಡೇ ಇಸ್ ಮೈ ಅಂಕಲ್' ಎಂಬಲ್ಲಿ 'ಹೂ' ಕರ್ತೃ. ಅದನ್ನು ಬಿಟ್ಟರೆ 'ದ ಮ್ಯಾನ್ ಕೇಮ್ ಯೆಸ್ಟರ್‌ಡೇ ಇಸ್ ಮೈ ಅಂಕಲ್' ಎಂದಾಗುತ್ತದೆ. ನಮ್ಮ ಉತ್ತರ ಪತ್ರಿಕೆಗಳಲ್ಲಿ ಧಾರಾಳವಾಗಿ ಸಿಗುವ ತಪ್ಪು ಇದು. 'ನಿನ್ನೆ ಬಂದ ಮನುಷ್ಯ' ಎಂಬುದರಲ್ಲಿ 'ಹೂ' ಎನ್ನುವುದಕ್ಕೆ ಸಮನಾದ ಪದವೇ ಇಲ್ಲವಲ್ಲ, ಹಾಗಾಗಿ ಅದು ಬಿಟ್ಟುಹೋದದ್ದೂ ಬರೆಯುವವರಿಗೆ ತಿಳಿಯುವುದಿಲ್ಲ. ಪರೀಕ್ಷೆ ಸರಳ: 'ದ್ಯಾಟ್' ಆದಮೇಲೆ ನೇರವಾಗಿ ಕ್ರಿಯಾಪದ ಬಂದರೆ 'ದ್ಯಾಟ್' ಇರಲೇಬೇಕು.

ಕರ್ತೃವಾಗಿದ್ದರೆ ಬಿಡುವಂತಿಲ್ಲ ಎಂಬುದಕ್ಕೊಂದು ಅಪವಾದ ಇದೆ. 'ದ ಮ್ಯಾನ್ ಐ ಥಾಟ್ ವಾಸ್ ದ ಮ್ಯಾನೇಜರ್ ವಾಸ್ ದ ಡ್ರೈವರ್.' ಮ್ಯಾನೇಜರ್ ಎಂದು ನಾನು ಭಾವಿಸಿದ್ದ ಮನುಷ್ಯ ಡ್ರೈವರ್ ಆಗಿದ್ದ. ಇಲ್ಲಿ ಬಿಟ್ಟುಹೋದ 'ಹೂ' ಮೊದಲ 'ವಾಸ್'ಗೆ ಕರ್ತೃವೇ. ಆದರೂ ವಾಕ್ಯ ಸರಿಯಾಗಿದೆ, ಏಕೆಂದರೆ ನಡುವೆ 'ಐ ಥಾಟ್' ಬಂದು 'ಮ್ಯಾನ್' ಮತ್ತು 'ವಾಸ್' ಅಂಟಿಕೊಳ್ಳದಂತೆ ತಡೆದಿದೆ. ಇಲ್ಲಿ 'ಹೂಮ್' ಬರೆಯುವ ಆಸೆ ಹಲವರಿಗೆ ಆಗುತ್ತದೆ. ವ್ಯಾಕರಣದ ಪ್ರಕಾರ 'ಹೂ' ಸರಿ.

ಅಲ್ಪವಿರಾಮ ಹಾಕಿ ಹೆಚ್ಚುವರಿ ಮಾಹಿತಿ ಕೊಡುವ ಉಪವಾಕ್ಯದಲ್ಲಿ ಬಿಡುವ ಮಾತೇ ಇಲ್ಲ: 'ಮಡಿಕೇರಿ ಫೋರ್ಟ್, ವಿಚ್ ವಿ ವಿಸಿಟೆಡ್ ಲಾಸ್ಟ್ ಇಯರ್, ...' ಎಂಬಲ್ಲಿ 'ವಿಚ್' ಕರ್ಮವಾಗಿದ್ದರೂ ಇರಲೇಬೇಕು. 'ಹೂಸ್' ಎಂಬುದನ್ನೂ ಎಂದೂ ಬಿಡುವಂತಿಲ್ಲ.

ಈಗ ಪ್ರಿಪೊಸಿಷನ್. ನಮ್ಮವರಿಗೆ ಹೆಚ್ಚು ಏಟು ಬೀಳುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನಿಸೋಣ. ಈ ಐದು ಕನ್ನಡ ತುಣುಕುಗಳನ್ನು ನೋಡಿ: ನಾವು ಕೂತ ಬೆಂಚು. ಅವನು ಬಂದ ಬಸ್ಸು. ಹಗ್ಗ ಕತ್ತರಿಸಿದ ಕತ್ತಿ. ನಾನು ದುಡ್ಡು ಕೊಟ್ಟ ಹುಡುಗ. ಅವರು ಮಾತಾಡಿದ ವಿಷಯ. ಬೆಂಚಿನ ಮೇಲೆ ಕೂತೆವು, ಬಸ್ಸಿನಲ್ಲಿ ಬಂದ, ಕತ್ತಿಯಿಂದ ಕತ್ತರಿಸಿದೆ, ಹುಡುಗನಿಗೆ ಕೊಟ್ಟೆ, ವಿಷಯದ ಬಗ್ಗೆ ಮಾತಾಡಿದರು. ವಾಕ್ಯವಾಗಿದ್ದಾಗ ಇದ್ದ 'ಮೇಲೆ', 'ಅಲ್ಲಿ', 'ಇಂದ', 'ಗೆ', 'ಬಗ್ಗೆ' ಐದೂ ವಿಶೇಷಣವಾದ ತಕ್ಷಣ ಮಾಯ. ಕೇಳುವವರು ಲೋಕಜ್ಞಾನದಿಂದ ತುಂಬಿಕೊಳ್ಳುತ್ತಾರೆ. ಇಂಗ್ಲಿಷ್ 'ದ್ಯಾಟ್' ಅನ್ನು ಬಿಟ್ಟುಕೊಟ್ಟರೂ ಪ್ರಿಪೊಸಿಷನ್ನನ್ನು ಬಿಟ್ಟುಕೊಡುವುದಿಲ್ಲ: 'ದ ಬೆಂಚ್ ವಿ ಸ್ಯಾಟ್ ಆನ್', 'ದ ಬಸ್ ಹೀ ಕೇಮ್ ಆನ್', 'ದ ನೈಫ್ ಐ ಕಟ್ ದ ರೋಪ್ ವಿತ್', 'ದ ಬಾಯ್ ಐ ಗೇವ್ ದ ಮನಿ ಟು', 'ದ ಸಬ್ಜೆಕ್ಟ್ ದೇ ಟಾಕ್ಡ್ ಅಬೌಟ್'. 'ದ ಬೆಂಚ್ ವಿ ಸ್ಯಾಟ್' ಎಂದು ಬರೆದರೆ ಅದು ಕನ್ನಡದ ವಾಕ್ಯ, ಇಂಗ್ಲಿಷ್ ಪದಗಳಲ್ಲಿ.

ದಿನ, ವರ್ಷ, ಕಾರಣ, ರೀತಿ ಇವುಗಳಿಗೆ ರಿಯಾಯಿತಿ ಇದೆ. 'ದ ಡೇ ಐ ವಾಸ್ ಬಾರ್ನ್', 'ದ ರೀಸನ್ ಹೀ ಲೆಫ್ಟ್', 'ದ ವೇ ಶೀ ಸ್ಪೀಕ್ಸ್' ಎಂದರೆ ಸಾಕು. 'ಪ್ಲೇಸ್' ಎಂಬ ಪದಕ್ಕೂ ಆಡುಮಾತಿನಲ್ಲಿ ಅದೇ ರಿಯಾಯಿತಿ ಕೊಡುತ್ತಾರೆ. 'ಹೌಸ್', 'ವಿಲೇಜ್'ಗಳಿಗೆ ಇಲ್ಲ. 'ದ ವಿಲೇಜ್ ಐ ವಾಸ್ ಬಾರ್ನ್ ಇನ್' ಎಂದೇ ಬರೆಯಬೇಕು. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇಡಬಾರದು ಎಂದು ಯಾರಾದರೂ ಹೇಳಿಕೊಟ್ಟಿದ್ದರೆ ಆ ನಿಯಮವನ್ನು ಮರೆತುಬಿಡಿ. ಅದನ್ನು ಮುಂದಕ್ಕೆ ತರುವುದಾದರೆ 'ದ ವಿಲೇಜ್ ಇನ್ ವಿಚ್ ಐ ವಾಸ್ ಬಾರ್ನ್' ಎಂದಾಗುತ್ತದೆ. ಆಗ 'ವಿಚ್' ಬಿಡುವಂತಿಲ್ಲ, 'ವಿಚ್' ಜಾಗದಲ್ಲಿ 'ದ್ಯಾಟ್' ಹಾಕುವಂತೆಯೂ ಇಲ್ಲ.

ಓದುವಾಗ ಈ ಜೋತುಬಿದ್ದ ಪ್ರಿಪೊಸಿಷನ್ ದೊಡ್ಡ ಸಹಾಯ. 'ದ ಲೆಟರ್ ಐ ವಾಸ್ ವೇಟಿಂಗ್ ಫಾರ್ ಕೇಮ್ ಟುಡೇ.' 'ಫಾರ್' ಆದಮೇಲೆ ನಾಮಪದ ಬರಬೇಕಿತ್ತು, ಬಂದದ್ದು 'ಕೇಮ್'. ಪ್ರಿಪೊಸಿಷನ್ನಿನ ಪಕ್ಕದಲ್ಲೇ ಕಾಲಸೂಚಕ ಕ್ರಿಯಾಪದ ಕಂಡರೆ ಉಪವಾಕ್ಯ ಅಲ್ಲಿಗೆ ಮುಗಿಯಿತು, ಮುಖ್ಯ ವಾಕ್ಯ ಮತ್ತೆ ಶುರುವಾಯಿತು ಎಂದು ತಿಳಿಯಿರಿ. ಅಲ್ಲೊಂದು ಪೆನ್ಸಿಲ್ ಗೆರೆ ಎಳೆಯಿರಿ.

ನಮ್ಮ ಕಡೆಯ ಗೊಂದಲ ಬಂದಾಗ ಇಂಗ್ಲಿಷೇ ಸ್ಪಷ್ಟ ಎಂದೂ ಒಪ್ಪಬೇಕು. 'ಹುಲಿ ಕೊಂದ ಬೇಟೆಗಾರ' ಎಂದರೆ ಯಾರು ಸತ್ತರು? ಕನ್ನಡದಲ್ಲಿ 'ಹುಲಿಯನ್ನು' ಎಂಬುದರ 'ಅನ್ನು' ಬಿಡುವುದುಂಟು, ಹಾಗಾಗಿ ಎರಡರ್ಥವೂ ಹೊರಡುತ್ತದೆ. ಹುಲಿ ಕೊಂದವನನ್ನು ಸನ್ಮಾನಿಸುವ 'ನರಿಮಂಗಲ'ದ ಸಂಪ್ರದಾಯ ಇದ್ದ ನಾಡಿನಲ್ಲಿ (ಕೊಡವ ತಕ್ಕ್‌ನಲ್ಲಿ 'ನರಿ' ಎಂದರೆ ಹುಲಿ) ಈ ವ್ಯತ್ಯಾಸ ಚಿಕ್ಕದಲ್ಲ: ಒಂದರ್ಥದಲ್ಲಿ ಅವನಿಗೆ ಸನ್ಮಾನ, ಇನ್ನೊಂದರಲ್ಲಿ ಅವನೇ ಇಲ್ಲ. ಇಂಗ್ಲಿಷಿನಲ್ಲಿ 'ದ ಹಂಟರ್ ಹೂ ಕಿಲ್ಡ್ ದ ಟೈಗರ್' ಮತ್ತು 'ದ ಹಂಟರ್ ದ ಟೈಗರ್ ಕಿಲ್ಡ್'. 'ಹೂ' ಎಂಬ ಕರ್ತೃಪದವನ್ನು ಬಿಡಲು ಭಾಷೆ ಯಾಕೆ ಒಪ್ಪುವುದಿಲ್ಲ ಎಂಬುದಕ್ಕೆ ಇಲ್ಲೊಂದು ಉತ್ತರ ಸಿಗುತ್ತದೆ.

'ಹೂ ಇಸ್', 'ವಿಚ್ ವಾಸ್' ಎಂಬ ಎರಡೆರಡು ಪದಗಳನ್ನು ಒಟ್ಟಿಗೆ ನುಂಗುವುದೂ ಇದೆ. 'ದ ಪೆಪ್ಪರ್ ಡ್ರೈಡ್ ಇನ್ ದ ಸನ್ ಸೋಲ್ಡ್ ಫಸ್ಟ್.' 'ಡ್ರೈಡ್' ಮುಖ್ಯ ಕ್ರಿಯಾಪದ ಎಂದುಕೊಂಡರೆ ಕರಿಮೆಣಸು ಬಿಸಿಲಲ್ಲಿ ಒಣಗಿತು ಎಂದಾಗಿ 'ಸೋಲ್ಡ್' ಅನಾಥ. ನಿಜದಲ್ಲಿ ಅದು 'ವಿಚ್ ವಾಸ್ ಡ್ರೈಡ್', ಬಿಸಿಲಲ್ಲಿ ಒಣಗಿಸಿದ ಮೆಣಸು. ತೊಂದರೆಯ ಮೂಲ 'ಡ್ರೈಡ್' ಎಂಬುದಕ್ಕೆ ಭೂತಕಾಲದಲ್ಲೂ ಕೃದಂತದಲ್ಲೂ (ಪಾಸ್ಟ್ ಪಾರ್ಟಿಸಿಪಲ್) ಒಂದೇ ರೂಪ ಇರುವುದು. ಹಾಗಾಗಿ ಎರಡು ರೂಪಗಳೂ ಬೇರೆಯಾಗಿರುವ ಕ್ರಿಯಾಪದವನ್ನು ಆ ಜಾಗದಲ್ಲಿ ಇಟ್ಟು ನೋಡಿ: 'ಗ್ರೂ', 'ಗ್ರೋನ್'. 'ದ ಪೆಪ್ಪರ್ ಗ್ರೋನ್ ಇನ್ ದ ಸನ್ ಸೋಲ್ಡ್ ಫಸ್ಟ್' ಎಂಬುದು ಕೂಡುತ್ತದೆ, 'ಗ್ರೂ' ಕೂಡುವುದಿಲ್ಲ. ಅಂದಮೇಲೆ 'ಡ್ರೈಡ್' ಕೃದಂತವೇ. ಥಾಮಸ್ ಬೀವರ್ ಎಂಬ ಅಮೆರಿಕದ ಮನೋಭಾಷಾವಿಜ್ಞಾನಿ 1970ರಲ್ಲಿ ಚರ್ಚೆಗೆ ತಂದ 'ದ ಹಾರ್ಸ್ ರೇಸ್ಡ್ ಪಾಸ್ಟ್ ದ ಬಾರ್ನ್ ಫೆಲ್' ಎಂಬ ವಾಕ್ಯ ಇದೇ ಜಾತಿಯದು. ಇಂಗ್ಲಿಷೇ ಮನೆಮಾತಾದವರೂ ಅದರಲ್ಲಿ 'ಫೆಲ್' ಬಂದಾಗ ಬೀಳುತ್ತಾರೆ. ನೀವು ಬಿದ್ದರೆ ನಾಚಿಕೆಪಡಬೇಕಾದ್ದಿಲ್ಲ.

ಸರ್ವನಾಮಗಳಿಗೆ ಬರೋಣ. ಎರಡು ವಾಕ್ಯ ಬರೆಯುತ್ತೇನೆ. 'ದ ಫಾರ್ಮರ್ಸ್ ಚೇಸ್ಡ್ ದ ಎಲಿಫೆಂಟ್ಸ್ ಬಿಕಾಸ್ ದೇ ವಾಂಟೆಡ್ ಟು ಸೇವ್ ದ ಪ್ಯಾಡಿ.' 'ದ ಫಾರ್ಮರ್ಸ್ ಚೇಸ್ಡ್ ದ ಎಲಿಫೆಂಟ್ಸ್ ಬಿಕಾಸ್ ದೇ ವರ್ ಟ್ರ್ಯಾಂಪ್ಲಿಂಗ್ ದ ಪ್ಯಾಡಿ.' ಮೊದಲರ್ಧ ಎರಡರಲ್ಲೂ ಅಕ್ಷರಶಃ ಒಂದೇ. ಮೊದಲನೆಯದರಲ್ಲಿ 'ದೇ' ರೈತರು, ಎರಡನೆಯದರಲ್ಲಿ ಆನೆಗಳು. ತೀರ್ಮಾನ ಮಾಡಿದ್ದು 'ದೇ' ಅಲ್ಲ, ಅದರ ಮುಂದಿನ ಕ್ರಿಯಾಪದ. ಗದ್ದೆ ಉಳಿಸಲು ಬಯಸುವವರು ಯಾರು, ತುಳಿಯುವವರು ಯಾರು? ಕನ್ನಡದಲ್ಲಿ ಈ ಕಷ್ಟವೇ ಇಲ್ಲ. 'ಅವರು', 'ಅವು' ಬೇರೆ, ಕ್ರಿಯಾಪದದ ಕೊನೆಯೂ ಬೇರೆ. ಇಂಗ್ಲಿಷಿನ 'ದೇ' ಮನುಷ್ಯರು, ಆನೆಗಳು, ಮೆಣಸಿನ ಚೀಲಗಳು ಎಲ್ಲಕ್ಕೂ ಒಂದೇ.

ಹಾಗಾಗಿ ಸರ್ವನಾಮ ಕಂಡಾಗ ಹಿಂದಕ್ಕೆ ನೋಡುವ ಮೊದಲು ಮುಂದಕ್ಕೆ, ಅದರ ಕ್ರಿಯಾಪದದತ್ತ ನೋಡಿ. ಆಮೇಲೆ ಹಿಂದಿನ ನಾಮಪದಗಳಲ್ಲಿ ಲಿಂಗ, ವಚನ ಹೊಂದುವವನ್ನು ಮಾತ್ರ ಉಳಿಸಿಕೊಳ್ಳಿ. ಒಂದಕ್ಕಿಂತ ಹೆಚ್ಚು ಉಳಿದರೆ ಆ ಕ್ರಿಯೆ ಯಾರಿಗೆ ಒಪ್ಪುತ್ತದೆ ನೋಡಿ. ಆಗಲೂ ತೀರದಿದ್ದರೆ ಹಿಂದಿನ ವಾಕ್ಯದ ಕರ್ತೃವನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಮುಂದೆ ಓದಿ. ಕರ್ತೃಸ್ಥಾನದ ಸರ್ವನಾಮ ಹಿಂದಿನ ಕರ್ತೃವನ್ನೇ ತೋರಿಸುವುದು ಹೆಚ್ಚು. ಆದರೆ ಅದು ವಾಡಿಕೆ ಮಾತ್ರ, ಕಾನೂನಲ್ಲ. ತೀರಾ ಹತ್ತಿರದ ನಾಮಪದವೇ ಉತ್ತರ ಎಂದು ಕೆಲವು ಗೈಡುಗಳು ಹೇಳಿಕೊಡುತ್ತವೆ. ಆನೆಯ ಮೊದಲ ವಾಕ್ಯದಲ್ಲಿ ಅದನ್ನು ಪ್ರಯೋಗಿಸಿ, ಆನೆಗಳೇ ಭತ್ತ ಉಳಿಸಲು ಹೊರಡುತ್ತವೆ.

ಕೆಲವೊಮ್ಮೆ ವಾಕ್ಯದ ಹೊರಗಿನ ತಿಳಿವಳಿಕೆಯೇ ಬೇಕಾಗುತ್ತದೆ. 'ಆನ್ 15 ಜನವರಿ 1949 ಬುಚರ್ ಹ್ಯಾಂಡೆಡ್ ಓವರ್ ಕಮಾಂಡ್ ಟು ಕಾರ್ಯಪ್ಪ. ಹೀ ವಾಸ್ ಬಾರ್ನ್ ಇನ್ ಶನಿವಾರಸಂತೆ.' ವಾಡಿಕೆ ನಂಬಿದರೆ 'ಹೀ' ಎಂದರೆ ಬುಚರ್, ಅಂದರೆ ಅಲ್ಲಿಯವರೆಗೆ ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ಬ್ರಿಟಿಷ್ ಅಧಿಕಾರಿ. ಈ ಸಭೆಯಲ್ಲಿ ಯಾರಿಗೂ ಹಾಗೆ ಅನ್ನಿಸುವುದಿಲ್ಲ. ಕೊಡಗಿನ ಶನಿವಾರಸಂತೆಯ ಹೆಸರೇ ಕೇಳದ ಓದುಗನಿಗೆ ಅನ್ನಿಸಬಹುದು. ಬರೆಯುವಾಗ ಆ ಓದುಗನನ್ನು ಮನಸ್ಸಿನಲ್ಲಿಟ್ಟು 'ಹೀ' ಬದಲು 'ಕಾರ್ಯಪ್ಪ' ಎಂದೇ ಇನ್ನೊಮ್ಮೆ ಬರೆಯಿರಿ. ಹೆಸರನ್ನು ಮರುಕಳಿಸುವುದು ದೋಷವಲ್ಲ.

ವ್ಯಾಕರಣವೇ ಗಟ್ಟಿಯಾಗಿ ತೀರ್ಪು ಕೊಡುವ ಜಾಗಗಳೂ ಉಂಟು. 'ವೆನ್ ಹೀ ರೀಚ್ಡ್ ಮಡಿಕೇರಿ, ಪೊನ್ನಪ್ಪ ಕಾಲ್ಡ್ ಹಿಸ್ ಮದರ್.' ಇಲ್ಲಿ 'ಹೀ' ಹೆಸರಿಗಿಂತ ಮುಂಚೆ ಬಂದಿದೆ, ಆದರೂ ಅದು ಪೊನ್ನಪ್ಪನೇ ಆಗಬಹುದು, ಏಕೆಂದರೆ 'ವೆನ್' ಹಿಡಿದ ಅಧೀನ ವಾಕ್ಯದಲ್ಲಿದೆ. ತಿರುಗಿಸಿ: 'ಹೀ ರೀಚ್ಡ್ ಮಡಿಕೇರಿ ವೆನ್ ಪೊನ್ನಪ್ಪ ಕಾಲ್ಡ್ ಹಿಸ್ ಮದರ್.' ಈಗ 'ಹೀ' ಪೊನ್ನಪ್ಪ ಆಗಲಾರ, ಬೇರೆ ಯಾರೋ. ಮುಖ್ಯ ವಾಕ್ಯದ ಕರ್ತೃವಾಗಿ ಸರ್ವನಾಮ ಮೊದಲೇ ಬಂದರೆ, ಅದರ ಅಧೀನ ವಾಕ್ಯದಲ್ಲಿ ಬರುವ ಹೆಸರನ್ನು ಅದು ತೋರಿಸುವುದಿಲ್ಲ.

'ಹಿಮ್‌ಸೆಲ್ಫ್' ವಿಷಯದಲ್ಲಿ ನಮ್ಮ 'ತಾನು' ದಾರಿ ತಪ್ಪಿಸುತ್ತದೆ. 'ಪೊನ್ನಪ್ಪ ತನ್ನನ್ನು ದೂರಿದ ಎಂದು ಸೋಮಯ್ಯ ಹೇಳಿದ' ಎಂದರೆ ದೂರಿಸಿಕೊಂಡವನು ಸೋಮಯ್ಯ. ಇದನ್ನೇ 'ಸೋಮಯ್ಯ ಸೆಡ್ ದ್ಯಾಟ್ ಪೊನ್ನಪ್ಪ ಬ್ಲೇಮ್ಡ್ ಹಿಮ್‌ಸೆಲ್ಫ್' ಎಂದು ಬರೆದರೆ ಪೊನ್ನಪ್ಪ ತನ್ನನ್ನು ತಾನೇ ದೂರಿಕೊಂಡ ಎಂದಾಗುತ್ತದೆ. 'ಹಿಮ್‌ಸೆಲ್ಫ್' ತನ್ನದೇ ಉಪವಾಕ್ಯದ ಕರ್ತೃವಿಗೆ ಕಟ್ಟುಬಿದ್ದದ್ದು. 'ತಾನು' ಆ ಬೇಲಿ ದಾಟಿ ಹೊರಗಿನ ಕರ್ತೃವನ್ನು ಹಿಡಿಯುತ್ತದೆ. ಸೋಮಯ್ಯನೇ ಎನ್ನಬೇಕಾದರೆ ಇಂಗ್ಲಿಷಿನಲ್ಲಿ 'ಹಿಮ್' ಬರೆಯಬೇಕು. ಆ 'ಹಿಮ್' ಮೂರನೆಯವನೂ ಆಗಬಹುದು, ಪೊನ್ನಪ್ಪ ಮಾತ್ರ ಆಗಲಾರ.

'ಇಟ್' ಎಲ್ಲ ಕಡೆಯೂ ಏನನ್ನೋ ತೋರಿಸುತ್ತದೆ ಎಂದುಕೊಳ್ಳಬೇಡಿ. 'ಇಟ್ ಇಸ್ ರೇನಿಂಗ್' ಎಂಬಲ್ಲಿ ಅದು ಖಾಲಿ ಕುರ್ಚಿಯಲ್ಲಿ ಕೂತ ಕರ್ತೃ ಅಷ್ಟೆ. 'ಇಟ್ ವಾಸ್ ಆನ್ 1 ನವೆಂಬರ್ 1956 ದ್ಯಾಟ್ ಕೊಡಗು ಬಿಕೇಮ್ ಪಾರ್ಟ್ ಆಫ್ ಮೈಸೂರು ಸ್ಟೇಟ್' ಎಂಬಲ್ಲಿ 'ಇಟ್' ದಿನಾಂಕದ ಮೇಲೆ ಒತ್ತು ಹಾಕಲು ಬಂದಿದೆ. 'ಅದು' ಎಂದು ಅನುವಾದಿಸಿದರೆ ಕೆಡುತ್ತದೆ. 'ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು' ಎಂದರೆ ಆ ಒತ್ತು ತಾನಾಗಿ ಬರುತ್ತದೆ. ಹೋಲಿಕೆಯ ವಾಕ್ಯಗಳ 'ದ್ಯಾಟ್ ಆಫ್' ಬೇರೆಯೇ: 'ದ ರೈನ್‌ಫಾಲ್ ಆಫ್ ಭಾಗಮಂಡಲ ಇಸ್ ಹೈಯರ್ ದ್ಯಾನ್ ದ್ಯಾಟ್ ಆಫ್ ಕುಶಾಲನಗರ.' ಇಲ್ಲಿ 'ದ್ಯಾಟ್' ಎಂದರೆ ಮಳೆ. ಅದನ್ನು ಬಿಟ್ಟು ಬರೆದರೆ ಭಾಗಮಂಡಲದ ಮಳೆಯನ್ನು ಕುಶಾಲನಗರವೆಂಬ ಊರಿಗೇ ಹೋಲಿಸಿದಂತಾಗುತ್ತದೆ.

ಸೂಚನಾಪತ್ರ ಬರೆಯುವವರು ಇದ್ದರೆ ಅವರಿಗೊಂದು ಮಾತು. 'ರಿಮೂವ್ ದ ಬೆರ್ರೀಸ್ ಫ್ರಮ್ ದ ಬ್ಯಾಗ್ಸ್ ಆ್ಯಂಡ್ ಬರ್ನ್ ದೆಮ್.' ಕಾಯಿಗಳನ್ನು ಸುಡಬೇಕೋ, ಚೀಲಗಳನ್ನೋ? ಎರಡೂ ಬಹುವಚನ, ಎರಡೂ ಸುಡುವಂಥವು. ಓದುವವನ ಜಾಣತನಕ್ಕೆ ಇಲ್ಲಿ ಕೆಲಸವಿಲ್ಲ. ಬರೆದವನೇ 'ಬರ್ನ್ ದ ಬೆರ್ರೀಸ್' ಎನ್ನಬೇಕಿತ್ತು.

ಈಗ ಎರಡೂ ತೊಡಕು ಸೇರಿದ ಒಂದು ವಾಕ್ಯ ಬಿಡಿಸೋಣ. 'ದ ಮ್ಯಾನ್ ದ ಲೆಟರ್ ಸೇಸ್ ಸೋಲ್ಡ್ ದ ಲ್ಯಾಂಡ್ ಟೋಲ್ಡ್ ಹಿಸ್ ಬ್ರದರ್ ದ ಪೇಪರ್ಸ್ ಹೀ ಸೈನ್ಡ್ ವರ್ ನಾಟ್ ದ ಒನ್ಸ್ ಹೀ ವಾಸ್ ಶೋನ್.' ಕ್ರಿಯಾಪದಗಳು ಆರು: ಸೇಸ್, ಸೋಲ್ಡ್, ಟೋಲ್ಡ್, ಸೈನ್ಡ್, ವರ್, ವಾಸ್ ಶೋನ್. 'ಸೇಸ್' ಪತ್ರದ್ದು. 'ಸೋಲ್ಡ್' ಆ ಮನುಷ್ಯನದು. 'ಐ ಥಾಟ್' ಅಪವಾದ ನೆನಪಿಸಿಕೊಳ್ಳಿ, ಇಲ್ಲಿ ನಡುವೆ ಬಂದದ್ದು 'ದ ಲೆಟರ್ ಸೇಸ್'. 'ಟೋಲ್ಡ್' ಮುಖ್ಯ ಕ್ರಿಯಾಪದ, ಕರ್ತೃ ಮತ್ತೆ ಅದೇ ಮನುಷ್ಯ. 'ವರ್' ಬಹುವಚನ, ಕಾಗದಪತ್ರಗಳದು. ಉಳಿದೆರಡು 'ಹೀ' ಪಾಲಿಗೆ. ಬಿಟ್ಟುಹೋದ ಪದಗಳು ನಾಲ್ಕು: 'ಮ್ಯಾನ್' ಆದಮೇಲೆ 'ಹೂ', 'ಬ್ರದರ್' ಆದಮೇಲೆ 'ದ್ಯಾಟ್', 'ಪೇಪರ್ಸ್' ಆದಮೇಲೆ 'ದ್ಯಾಟ್', 'ಒನ್ಸ್' ಆದಮೇಲೆ 'ದ್ಯಾಟ್'. ಇವುಗಳಲ್ಲಿ 'ಬ್ರದರ್' ನಂತರದ್ದು ಸಂಬಂಧವಾಚಕ ಸರ್ವನಾಮವಲ್ಲ, ನಮ್ಮ 'ಎಂದು' ಇದ್ದ ಹಾಗೆ. ಅದನ್ನು ಅದಲುಬದಲು ಮಾಡಿಕೊಂಡರೆ ಕಾಗದಪತ್ರಗಳಿಗೆ ಸಂಬಂಧಪಟ್ಟ ಸಹೋದರ ಎಂಬಂಥ ಅಪಾರ್ಥ ಹುಟ್ಟುತ್ತದೆ.

'ಹೀ' ಯಾರು? ಮಾರಿದವನೂ ಆಗಬಹುದು, ಸಹೋದರನೂ ಆಗಬಹುದು. ಎರಡು 'ಹೀ'ಗಳು ಇಬ್ಬರನ್ನು ತೋರಿಸುವುದಕ್ಕೂ ವ್ಯಾಕರಣದ ಅಡ್ಡಿಯಿಲ್ಲ. ಕನ್ನಡಕ್ಕೆ ತರುವಾಗ ತೀರ್ಮಾನ ಮಾಡಲೇಬೇಕು: 'ತಾನು ಸಹಿ ಹಾಕಿದ ಪತ್ರಗಳು ತನಗೆ ತೋರಿಸಿದವಲ್ಲ ಎಂದು ಹೇಳಿದ' ಎಂದರೆ ಮಾರಿದವನು. 'ನೀನು ಸಹಿ ಹಾಕಿದ ಪತ್ರಗಳು ನಿನಗೆ ತೋರಿಸಿದವಲ್ಲ ಎಂದು ಹೇಳಿದ' ಎಂದರೆ ಸಹೋದರ. ಅಣ್ಣನೋ ತಮ್ಮನೋ ಎಂಬುದನ್ನೂ ಇಂಗ್ಲಿಷ್ ಹೇಳಿಲ್ಲ. ಪತ್ರದ ಮುಂದಿನ ಸಾಲುಗಳನ್ನು ಓದದೆ ಅನುವಾದಕ್ಕೆ ಕೈ ಹಾಕಬೇಡಿ.

ಬರೆಯುವಾಗ 'ದ್ಯಾಟ್' ಇಡಬೇಕೋ ಬಿಡಬೇಕೋ ಎಂದು ಸಭೆಯಿಂದ ಪ್ರಶ್ನೆ ಬಂದಿದೆ. ಉಪವಾಕ್ಯ ಚಿಕ್ಕದಾಗಿದ್ದು 'ಐ', 'ವಿ', 'ಹೀ' ಥರದ ಸರ್ವನಾಮದಿಂದ ಶುರುವಾದರೆ ಬಿಡಿ, ಓಟ ಚೆನ್ನಾಗಿರುತ್ತದೆ. ಎರಡು ನಾಮಪದಗಳು ಅಂಟಿಕೊಳ್ಳುವಂತಿದ್ದರೆ, ನಾಮಪದಕ್ಕೂ ಉಪವಾಕ್ಯಕ್ಕೂ ನಡುವೆ ಬೇರೆ ಪದಗಳು ಬಂದಿದ್ದರೆ, ಒಂದೇ ವಾಕ್ಯದಲ್ಲಿ ಇಂಥ ಎರಡನೆಯ ಉಪವಾಕ್ಯ ಬಂದರೆ ಇಡಿ. ಪರೀಕ್ಷೆಯಲ್ಲಿ ಅನುಮಾನ ಬಂದರೂ ಇಡಿ. ನಾವು ನೋಡಿದ ವಾಕ್ಯಗಳಲ್ಲಿ ಬಿಡಬಹುದಾದ 'ದ್ಯಾಟ್' ಇಟ್ಟಿದ್ದರೆ ಒಂದೂ ತಪ್ಪಾಗುತ್ತಿರಲಿಲ್ಲ.